ರಾಜ್ಯದ ಲೆಕ್ಕ: ಎಷ್ಟು ಜನ, ಎಷ್ಟು ಆದಾಯ, ಯಾವ ಗಡಿಯೊಳಗೆ?

ಕರ್ನಾಟಕದ ಜನಸಂಖ್ಯೆ ಮತ್ತು ಆದಾಯದ ಅಂಕಿಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಏಳಕ್ಕೆ ಇಲ್ಲಿ ಉತ್ತರವಿದೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಬೆಂಗಳೂರು ಪಾಲಿಕೆಯ ಜನಸಂಖ್ಯೆ 2001ರಲ್ಲಿ 43 ಲಕ್ಷ, 2011ರಲ್ಲಿ 84 ಲಕ್ಷ ಎಂದು ಒಂದು ಪುಸ್ತಕದಲ್ಲಿದೆ. ಇನ್ನೊಂದರಲ್ಲಿ ಆ ದಶಕದ ಬೆಳವಣಿಗೆ ಶೇ 47 ಎಂದಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?
— ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಶಿವಮೊಗ್ಗ

ಉತ್ತರ: ಅಂಕಿಗಳೆಲ್ಲ ಸರಿಯಾಗಿಯೇ ಇವೆ. 43ರ ಪಕ್ಕದಲ್ಲಿ 84 ಇಟ್ಟು ಹೋಲಿಸಿದ್ದು ತಪ್ಪು. 43 ಲಕ್ಷ ಎಂಬುದು ಸುಮಾರು 226 ಚದರ ಕಿ.ಮೀ. ವಿಸ್ತಾರದ ಹಳೆಯ ಮಹಾನಗರ ಪಾಲಿಕೆಯ ಲೆಕ್ಕ. 2007ರಲ್ಲಿ ಯಲಹಂಕ, ದಾಸರಹಳ್ಳಿ, ಮಹದೇವಪುರ, ಕೆ.ಆರ್. ಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ, ಬ್ಯಾಟರಾಯನಪುರ ಎಂಬ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಸೇರಿ ಬಿಬಿಎಂಪಿ ಆಯಿತು. ವಿಸ್ತೀರ್ಣ 700 ಚದರ ಕಿ.ಮೀ. ದಾಟಿತು. ದಾಸರಹಳ್ಳಿಯಲ್ಲಿ 2001ರಲ್ಲೂ ಜನ ಇದ್ದರು, ಪಾಲಿಕೆಯ ಲೆಕ್ಕದೊಳಗೆ ಇರಲಿಲ್ಲ, ಅಷ್ಟೇ.

ಗಡಿ ಬದಲಾಗದ ಘಟಕವನ್ನು ಹಿಡಿದರೆ ನಿಜವಾದ ಬೆಳವಣಿಗೆ ಕಾಣುತ್ತದೆ. ಬೆಂಗಳೂರು ನಗರ ಜಿಲ್ಲೆ ಅಂಥದ್ದು. 2001ರಲ್ಲಿ 65,37,124 ಇದ್ದದ್ದು 2011ರಲ್ಲಿ 96,21,551. ವ್ಯತ್ಯಾಸ 30,84,427. ಇದನ್ನು 65,37,124ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 47.18. ಪರೀಕ್ಷೆಯಲ್ಲಿ ‘ಬೆಂಗಳೂರು ನಗರ ಜಿಲ್ಲೆ’ ಎಂದು ಕೇಳಿದ್ದರೆ ಇದೇ ಉತ್ತರ. ಬರೀ ‘ಬೆಂಗಳೂರು’ ಎಂದಿದ್ದರೆ ಪ್ರಶ್ನೆಯೇ ಅರ್ಧ. ಯಾವ ಗಡಿಯ ಲೆಕ್ಕ ಎಂದು ಬರೆದೇ ಉತ್ತರಿಸಿ.

ಇದೇ ಎಡವಟ್ಟು ತಿರುಗಿಯೂ ಆಗುತ್ತದೆ. 2001ರ ಕೋಲಾರ ಜಿಲ್ಲೆಯ ಜನಸಂಖ್ಯೆ 25,36,069, 2011ರದ್ದು 15,36,401. ಹತ್ತು ವರ್ಷದಲ್ಲಿ ಹತ್ತು ಲಕ್ಷ ಜನ ಎಲ್ಲಿಗೆ ಹೋದರು? ಎಲ್ಲಿಗೂ ಇಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಅದರ 2011ರ 12,55,104ನ್ನು ಕೂಡಿಸಿದರೆ 27,91,505 ಬರುತ್ತದೆ, ಬೆಳವಣಿಗೆ ಶೇ 10ರಷ್ಟು. ಮುಂದಿನ ಜನಗಣತಿಯ ಅಂಕಿ ಬಂದಾಗ ಬಳ್ಳಾರಿಯಲ್ಲೂ ಹೀಗೇ ಕಾಣಲಿದೆ, 2021ರಲ್ಲಿ ವಿಜಯನಗರ ಅದರಿಂದ ಬೇರೆಯಾಗಿದೆ. ಬಿಬಿಎಂಪಿಯೂ 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯ ಐದು ಪಾಲಿಕೆಗಳಾಗಿದೆ. ರಾಮನಗರ ಜಿಲ್ಲೆಯ ಹೆಸರು ಈಗ ಬೆಂಗಳೂರು ದಕ್ಷಿಣ; ಅದೇ ಹೆಸರಿನ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಯಲ್ಲೂ ಇದೆ. ಹೆಸರು ನೋಡಿ ಸಾಲಿಗೆ ಸಾಲು ಹೊಂದಿಸಿದರೆ ಕೆಡುತ್ತದೆ, ಜನಗಣತಿಯಲ್ಲಿ ಪ್ರತಿ ಊರು, ತಾಲ್ಲೂಕು, ಜಿಲ್ಲೆಗೆ ಕೊಡುವ ಸ್ಥಳ ಸಂಕೇತ ಸಂಖ್ಯೆ ನೋಡಿ ಹೊಂದಿಸಬೇಕು.

ಅಂದಹಾಗೆ, ರಾಜ್ಯದ ದಶಕದ ಬೆಳವಣಿಗೆ ಶೇ 15.6 ಎಂದರೆ ವರ್ಷಕ್ಕೆ 1.56 ಅಲ್ಲ. ಚಕ್ರಬಡ್ಡಿಯ ಹಾಗೆ ಲೆಕ್ಕ ಹಾಕಬೇಕು: 1.156ರ ಹತ್ತನೇ ಮೂಲ 1.0146, ಅಂದರೆ ವರ್ಷಕ್ಕೆ ಶೇ 1.46. ಬಹು ಆಯ್ಕೆಯ ಪ್ರಶ್ನೆಯಲ್ಲಿ ಎರಡನ್ನೂ ಅಕ್ಕಪಕ್ಕ ಕೊಟ್ಟಿರುತ್ತಾರೆ.

ಪ್ರಶ್ನೆ: 2011ರ ಜನಗಣತಿಯಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಇಳಿದಿದೆ. ಹುಟ್ಟುವವರೇ ಅಷ್ಟು ಕಡಿಮೆಯೇ? ತೋಟದ ಲೈನ್ ಮನೆಗಳಲ್ಲಿ ಹೊರಗಿನ ಕಾರ್ಮಿಕರು ಬೇಕಾದಷ್ಟು ಜನ ಇದ್ದಾರಲ್ಲ, ಅವರು ಲೆಕ್ಕಕ್ಕೆ ಬರಲಿಲ್ಲವೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಹುಟ್ಟಿದವರು ಸತ್ತವರಿಗಿಂತ ಹೆಚ್ಚೇ ಇದ್ದರು. ಇಳಿತಕ್ಕೆ ಕಾರಣ ಊರು ಬಿಟ್ಟವರು. 2001ರಲ್ಲಿ 11,40,905 ಇದ್ದದ್ದು 2011ರಲ್ಲಿ 11,37,961 ಆಯಿತು, 2,944 ಕಡಿಮೆ. ಆ ದಶಕದಲ್ಲಿ ರಾಜ್ಯದಲ್ಲಿ ಇಳಿಕೆ ಕಂಡ ಜಿಲ್ಲೆ ಇದೊಂದೇ. ಕೊಡಗು ಶೇ 1.09ರಷ್ಟು ಏರಿ ಅಂಚಿನಲ್ಲಿ ಉಳಿಯಿತು.

ಎಷ್ಟು ಮಂದಿ ಹೋಗಿರಬಹುದು ಎಂದು ನೀವೇ ಅಂದಾಜು ಮಾಡಬಹುದು. ಆ ಹತ್ತು ವರ್ಷಗಳಲ್ಲಿ ರಾಜ್ಯದ ಸರಾಸರಿಯಲ್ಲಿ ಹುಟ್ಟು ಸಾವಿಗಿಂತ ವರ್ಷಕ್ಕೆ ಸಾವಿರಕ್ಕೆ ಹತ್ತಕ್ಕೂ ಹೆಚ್ಚು ಮುಂದಿತ್ತು. ಮಲೆನಾಡಿಗೆ ಅಷ್ಟು ಬೇಡ, ಏಳು ಎಂದಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ ನೂರಕ್ಕೆ ಏಳು, ಅಂದರೆ ಸುಮಾರು 80,000 ಜನ ಏರಬೇಕಿತ್ತು. ಏರುವ ಬದಲು ಮೂರು ಸಾವಿರ ಇಳಿದಿದೆ. ಅಲ್ಲಿಗೆ ಬಂದವರನ್ನು ಕಳೆದು ನೋಡಿದರೂ ಜಿಲ್ಲೆ ಬಿಟ್ಟವರು 83,000ದ ಆಸುಪಾಸು. ಏಳರ ಬದಲು ಒಂಬತ್ತು ಹಿಡಿದರೆ ಲಕ್ಷ ದಾಟುತ್ತದೆ. ಹೋಗುವವರು ಹೆಚ್ಚಾಗಿ ಓದು, ಕೆಲಸಕ್ಕೆ ಹೊರಡುವ ಇಪ್ಪತ್ತು–ಮೂವತ್ತರ ವಯಸ್ಸಿನವರು. ಮುಂದೆ ಅವರಿಗೆ ಮಕ್ಕಳಾಗುವುದು ಬೇರೆ ಜಿಲ್ಲೆಯಲ್ಲಿ. ಹೀಗಾಗಿ ಒಮ್ಮೆ ವಲಸೆ ಶುರುವಾದ ಜಿಲ್ಲೆಯಲ್ಲಿ ಹುಟ್ಟಿನ ಸಂಖ್ಯೆಯೂ ತಾನಾಗಿ ಇಳಿಯುತ್ತದೆ.

ಇನ್ನು ಲೈನ್ ಮನೆಗಳ ವಿಚಾರ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಅವಧಿಯಲ್ಲಿ ಎಲ್ಲಿ ವಾಸವಿದ್ದರೋ ಅಲ್ಲಿಯೇ ಎಣಿಕೆ. ಸ್ವಂತ ಊರು ಯಾವುದೆಂಬುದು ಮುಖ್ಯವಲ್ಲ. ಅರೇಬಿಕಾ ಕೊಯ್ಲು ಮುಗಿಸಿ ಜನವರಿಯಲ್ಲೇ ಹೊರಟವರು ನಿಮ್ಮ ಲೆಕ್ಕದಲ್ಲಿಲ್ಲ. ರೊಬಸ್ಟಾ ಕೊಯ್ಲಿಗೆ ಉಳಿದವರು ಇರಬೇಕಿತ್ತು. ಅವರು ಬಿಟ್ಟುಹೋಗುವುದು ಸಾಮಾನ್ಯವಾಗಿ ಎಣಿಕೆಯ ದಿನವಲ್ಲ, ಅದಕ್ಕೂ ಮೊದಲು ಮನೆಪಟ್ಟಿ ಮಾಡುವಾಗ. ತೋಟದ ಒಳಗಿನ ಲೈನ್‌ಗೆ ಪಟ್ಟಿಯಲ್ಲಿ ಸಂಖ್ಯೆ ಬೀಳದಿದ್ದರೆ ಆಮೇಲೆ ಗಣತಿದಾರರು ಆ ಕಡೆ ಹೋಗುವ ಸಂಭವ ಕಡಿಮೆ. ಪಟ್ಟಿ ಮಾಡಲು ಬಂದವರಿಗೆ ಖಾಲಿ ಲೈನ್‌ಗಳನ್ನೂ ತೋರಿಸಿ. ಕೊಯ್ಲಿನ ಹೊತ್ತಿಗೆ ಅವು ತುಂಬಿರುತ್ತವೆ.

ಪ್ರಶ್ನೆ: ಒಬ್ಬ ತಾಯಿಗೆ ಸರಾಸರಿ 2.1 ಮಕ್ಕಳಾದರೆ ಜನಸಂಖ್ಯೆ ಸ್ಥಿರ ಎನ್ನುತ್ತಾರೆ. ಕರ್ನಾಟಕ ಅದಕ್ಕಿಂತ ಕೆಳಗಿದ್ದರೂ ಜನ ಹೆಚ್ಚುತ್ತಲೇ ಇದ್ದಾರಲ್ಲ?
— ಶಿಕ್ಷಕಿ, ಕುಂದಾಪುರ

ಉತ್ತರ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಒಟ್ಟು ಫಲವತ್ತತೆ ದರ 2005–06ರಲ್ಲಿ 2.1, 2015–16ರಲ್ಲಿ 1.8, 2019–21ರಲ್ಲಿ 1.7. ದರ ಇಳಿದರೂ ಜನ ಹೆಚ್ಚುವುದಕ್ಕೆ ಕಾರಣ ವಯಸ್ಸಿನ ಹಂಚಿಕೆ. ಹಿಂದಿನ ತಲೆಮಾರಿನಲ್ಲಿ ಹೆಚ್ಚು ಮಕ್ಕಳು ಹುಟ್ಟಿದ್ದರು, ಅವರೀಗ ತಾಯ್ತಂದೆಯರು. ಒಬ್ಬೊಬ್ಬರಿಗೆ ಮಕ್ಕಳು ಕಡಿಮೆಯಾದರೂ ತಾಯಂದಿರ ಸಂಖ್ಯೆ ದೊಡ್ಡದು. ಮತ್ತೊಂದು ಕಡೆ ಆಯಸ್ಸು ಹೆಚ್ಚಿದೆ. ಮೂರನೆಯದಾಗಿ, ಬೇರೆ ರಾಜ್ಯಗಳಿಂದ ಬರುವವರಿದ್ದಾರೆ.

ಇದನ್ನು ಒಂದೇ ಜೋಡಿ ಅಂಕಿ ಚೆನ್ನಾಗಿ ತೋರಿಸುತ್ತದೆ. 2001ರಲ್ಲಿ ರಾಜ್ಯದಲ್ಲಿ ಆರು ವರ್ಷದವರೆಗಿನ ಮಕ್ಕಳು 71.8 ಲಕ್ಷ. 2011ರಲ್ಲಿ 71.6 ಲಕ್ಷ. ಒಟ್ಟು ಜನಸಂಖ್ಯೆ 5.28 ಕೋಟಿಯಿಂದ 6.11 ಕೋಟಿಗೆ, ಅಂದರೆ 82 ಲಕ್ಷ ಏರಿದ ಅದೇ ದಶಕದಲ್ಲಿ ಪುಟ್ಟ ಮಕ್ಕಳ ಸಂಖ್ಯೆ ಕೊಂಚ ಇಳಿದಿತ್ತು. ಒಂದನೇ ತರಗತಿಯ ಹಾಜರಿ ಪುಸ್ತಕ ತೆಳ್ಳಗಾದದ್ದಕ್ಕೆ ಇಂಗ್ಲಿಷ್ ಮಾಧ್ಯಮದ ಮೋಹವೊಂದೇ ಕಾರಣ ಎನ್ನುವವರು ಈ ಅಂಕಿಯನ್ನೂ ನೋಡಬೇಕು. ಅರುವತ್ತು ದಾಟಿದವರು 2011ರಲ್ಲೇ ಶೇ 9.5ರಷ್ಟಿದ್ದರು.

ಇಡೀ ರಾಜ್ಯಕ್ಕೆ ಒಂದೇ ಮಾತು ಹೇಳುವುದೂ ಕಷ್ಟ. 2001–11ರಲ್ಲಿ ನಿಮ್ಮ ಉಡುಪಿ ಜಿಲ್ಲೆ ಶೇ 6ರ ಒಳಗೆ ಬೆಳೆದರೆ ಯಾದಗಿರಿಯ ಪ್ರದೇಶ ಶೇ 22ಕ್ಕಿಂತ ಹೆಚ್ಚು ಬೆಳೆಯಿತು. ಒಂದು ಕಡೆ ಮುಚ್ಚುವ ಶಾಲೆ, ಇನ್ನೊಂದು ಕಡೆ ಕೊಠಡಿ ಸಾಲದ ಶಾಲೆ. ಎರಡೂ ಒಂದೇ ಇಲಾಖೆಯ ಕಡತದಲ್ಲಿವೆ.

ಪ್ರಶ್ನೆ: ರಾಜ್ಯದ ತಲಾ ಆದಾಯ ಮೂರು ಲಕ್ಷ ದಾಟಿದೆಯಂತೆ. ಹಾಗಾದರೆ ಐದು ಜನರ ನಮ್ಮ ಮನೆಗೆ ವರ್ಷಕ್ಕೆ ಹದಿನೈದು ಲಕ್ಷ ಬರಬೇಕಿತ್ತು. ಈ ದುಡ್ಡು ಯಾರ ಮನೆಗೆ ಹೋಗುತ್ತಿದೆ?
— ತೊಗರಿ ಬೆಳೆಗಾರರು, ಕಲಬುರಗಿ

ಉತ್ತರ: ತಲಾ ಆದಾಯ ಎಂಬುದು ಮನೆಮನೆಗೆ ಹೋಗಿ ಕೇಳಿದ ಸಂಬಳ, ಸಂಪಾದನೆಯ ಸರಾಸರಿ ಅಲ್ಲ. ಅದು ಹೀಗೆ ಹುಟ್ಟುತ್ತದೆ: ರಾಜ್ಯದ ಗಡಿಯೊಳಗೆ ವರ್ಷದಲ್ಲಿ ಉತ್ಪಾದನೆಯಾದ ಸರಕು, ಸೇವೆಗಳ ಮೌಲ್ಯವರ್ಧನೆಯನ್ನು, ಅಂದರೆ ಕಚ್ಚಾ ಸಾಮಗ್ರಿಯಂಥ ಖರ್ಚು ಕಳೆದು ಉಳಿಯುವ ಮೌಲ್ಯವನ್ನು, ಕೂಡಿಸುತ್ತಾರೆ. ಅದರಿಂದ ಯಂತ್ರ, ಕಟ್ಟಡಗಳ ಸವಕಳಿ ಕಳೆಯುತ್ತಾರೆ. ಉಳಿದದ್ದನ್ನು ಜನಸಂಖ್ಯೆಯಿಂದ ಭಾಗಿಸುತ್ತಾರೆ. ಕಂಪನಿಗಳ ಲಾಭ, ಬ್ಯಾಂಕುಗಳ ಗಳಿಕೆ, ಸರ್ಕಾರಿ ನೌಕರರ ಸಂಬಳ, ಸ್ವಂತ ಮನೆಯಲ್ಲಿರುವವರಿಗೆ ಲೆಕ್ಕ ಹಾಕುವ ಕಾಲ್ಪನಿಕ ಬಾಡಿಗೆ ಎಲ್ಲವೂ ಅದರೊಳಗಿವೆ. ಬೆಂಗಳೂರಿನ ಐ.ಟಿ. ಕಂಪನಿಯ ಲಾಭ ಬೇರೆ ದೇಶದ ಷೇರುದಾರರಿಗೆ ಹೋದರೂ ಅದು ಕರ್ನಾಟಕದ ಉತ್ಪನ್ನವೇ. ದುಡ್ಡು ಎಲ್ಲಿ ಹುಟ್ಟಿತು ಎಂದು ಈ ಲೆಕ್ಕ ಹೇಳುತ್ತದೆ, ಯಾರ ಕೈ ಸೇರಿತು ಎಂದು ಹೇಳುವುದಿಲ್ಲ.

ರಾಜ್ಯದ ಉತ್ಪನ್ನದಲ್ಲಿ ಸುಮಾರು ಮೂರನೇ ಎರಡು ಭಾಗ ಸೇವಾ ವಲಯದ್ದು. ಬೆಂಗಳೂರು ನಗರ ಜಿಲ್ಲೆಯೊಂದರ ಪಾಲೇ ಮೂರನೇ ಒಂದಕ್ಕಿಂತ ಹೆಚ್ಚು. ಜನಸಂಖ್ಯೆಯಲ್ಲಿ ಅದರ ಪಾಲು 2011ರಲ್ಲಿ ಶೇ 16ರಷ್ಟಿತ್ತು. ಕೃಷಿ ಮತ್ತದರ ಪೂರಕ ಕಸುಬುಗಳ ಪಾಲು ಏಳರಲ್ಲಿ ಒಂದರ ಆಸುಪಾಸು, ಆದರೆ 2011ರ ಗಣತಿಯಂತೆ ದುಡಿಯುವವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಬೇಸಾಯಗಾರರು ಇಲ್ಲವೇ ಕೃಷಿ ಕೂಲಿಗಳು. ಏಳನೇ ಒಂದು ಭಾಗವನ್ನು ಅರ್ಧ ಜನ ಹಂಚಿಕೊಂಡರೆ ಒಬ್ಬ ದುಡಿಮೆಗಾರನಿಗೆ ರಾಜ್ಯದ ಸರಾಸರಿಯ ಶೇ 30ಕ್ಕಿಂತ ಕಡಿಮೆ ಬೀಳುತ್ತದೆ. ಕೃಷಿಯಲ್ಲಿರುವವರ ಪಾಲು ಆಮೇಲೆ ಸ್ವಲ್ಪ ಇಳಿದಿದ್ದರೂ ಅಂತರ ಮುಚ್ಚಿಲ್ಲ. ನಿಮ್ಮ ಮನೆಗೆ ಹದಿನೈದು ಲಕ್ಷ ಬಾರದಿರುವುದರ ಮುಖ್ಯ ಕಾರಣ ಇದು.

ಜಿಲ್ಲಾ ತಲಾ ಆದಾಯ ಇನ್ನೂ ಹತ್ತಿರದ ಚಿತ್ರ ಕೊಡುತ್ತದೆ. ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಅದನ್ನು ಲೆಕ್ಕ ಹಾಕುತ್ತದೆ, ಬಜೆಟ್ ಹೊತ್ತಿಗೆ ಬರುವ ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಕೋಷ್ಟಕ ಇರುತ್ತದೆ. ಅಲ್ಲಿ ಬೆಂಗಳೂರು ನಗರ ತುದಿಯಲ್ಲಿ, ಕಲಬುರಗಿ ತಳದಲ್ಲಿ. ಅದನ್ನು ಓದುವಾಗಲೂ ಒಂದು ಎಚ್ಚರ ಬೇಕು. ಬೆಳೆಯ ಲೆಕ್ಕ ಜಿಲ್ಲೆಯಲ್ಲೇ ಸಿಗುತ್ತದೆ, ಆದರೆ ಎಷ್ಟೋ ಸೇವೆಗಳ ರಾಜ್ಯಮಟ್ಟದ ಮೊತ್ತವನ್ನು ದುಡಿಯುವವರ ಸಂಖ್ಯೆಯಂಥ ಸೂಚಕ ಹಿಡಿದು ಜಿಲ್ಲೆಗಳಿಗೆ ಹಂಚುತ್ತಾರೆ. ಭಾಗಿಸುವ ಜನಸಂಖ್ಯೆಯೂ 2011ರಿಂದ ಮುಂದಕ್ಕೆ ಎಳೆದ ಅಂದಾಜು. ವಲಸೆ ಹೋದವರನ್ನು ಅದು ಕಳೆಯದೇ ಇದ್ದರೆ ನಿಮ್ಮ ಜಿಲ್ಲೆಯ ತಲಾ ಆದಾಯ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ವಲಸೆ ಬಂದವರನ್ನು ಪೂರ್ತಿ ಸೇರಿಸದಿದ್ದರೆ ಬೆಂಗಳೂರಿನದು ಹೆಚ್ಚು ಕಾಣುತ್ತದೆ.

ಪ್ರಶ್ನೆ: ಒಂದೇ ವರ್ಷಕ್ಕೆ ಒಂದು ಪತ್ರಿಕೆಯಲ್ಲಿ ರಾಜ್ಯದ ಉತ್ಪನ್ನದ ಬೆಳವಣಿಗೆ ಶೇ 11, ಇನ್ನೊಂದರಲ್ಲಿ ಶೇ 6–7. ಏಕೆ?
— ವ್ಯಾಪಾರಿ, ತುಮಕೂರು

ಉತ್ತರ: ಮೊದಲನೆಯದು ಚಾಲ್ತಿ ಬೆಲೆಯಲ್ಲಿ, ಅಂದರೆ ಬೆಲೆ ಏರಿಕೆಯೂ ಸೇರಿದ್ದು; ಎರಡನೆಯದು ಸ್ಥಿರ ಬೆಲೆಯಲ್ಲಿ, ಅಂದರೆ ಆಧಾರವಾಗಿ ಹಿಡಿದ ಒಂದು ವರ್ಷದ ಬೆಲೆಯಲ್ಲೇ ಲೆಕ್ಕ ಹಾಕಿದ್ದು. ಬೆಲೆ ಏರಿಕೆ ಶೇ 4 ಇದ್ದರೆ 11ರಲ್ಲಿ 4 ಕಳೆಯಬಾರದು; 1.11ನ್ನು 1.04ರಿಂದ ಭಾಗಿಸಿ. 1.067 ಬರುತ್ತದೆ, ಅಂದರೆ ನಿಜ ಬೆಳವಣಿಗೆ ಶೇ 6.7. ತೆರಿಗೆ ಸಂಗ್ರಹ, ಸಾಲದ ಮಿತಿ ಇವಕ್ಕೆ ಚಾಲ್ತಿ ಬೆಲೆ ಹಿಡಿಯಿರಿ. ಜನರ ಬದುಕು ಎಷ್ಟು ಸುಧಾರಿಸಿತು ಎನ್ನುವುದಕ್ಕೆ ಸ್ಥಿರ ಬೆಲೆ, ಅದರಿಂದ ಜನಸಂಖ್ಯೆಯ ಬೆಳವಣಿಗೆಯನ್ನೂ ಇದೇ ರೀತಿ ಭಾಗಿಸಿ ತೆಗೆಯಬೇಕು. ಆಧಾರ ವರ್ಷ ಬೇರೆಯಿರುವ ಎರಡು ಸರಣಿಗಳ ಅಂಕಿಯನ್ನು ಒಂದೇ ಸಾಲಿನಲ್ಲಿ ಜೋಡಿಸಬೇಡಿ.

ಪ್ರಶ್ನೆ: ಕುಟುಂಬ ಯೋಜನೆ ಪಾಲಿಸಿದ್ದಕ್ಕೇ ಕೇಂದ್ರ ತೆರಿಗೆಯಲ್ಲಿ ರಾಜ್ಯದ ಪಾಲು ಕಡಿಮೆಯಾಯಿತು ಎಂಬ ಮಾತು ಸರಿಯೇ? ಲೋಕಸಭಾ ಸ್ಥಾನಗಳೂ ಕಡಿಮೆಯಾಗುತ್ತವೆಯೇ?
— ನಿವೃತ್ತ ನೌಕರರು, ಮಂಡ್ಯ

ಉತ್ತರ: ಅರ್ಧ ಸರಿ. ಕೇಂದ್ರ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಶಿಫಾರಸು ಮಾಡುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713, 15ನೇ ಆಯೋಗದಲ್ಲಿ ಶೇ 3.647. ರಾಜ್ಯಗಳಿಗೆ 1 ಲಕ್ಷ ಕೋಟಿ ರೂಪಾಯಿ ಹಂಚುವಾಗ ಮೊದಲು 4,713 ಕೋಟಿ ಬರುತ್ತಿದ್ದ ಕಡೆ 3,647 ಕೋಟಿ ಬಂತು. 1971ರ ಜನಸಂಖ್ಯೆಯನ್ನು ಬಿಟ್ಟು 2011ರದ್ದನ್ನು ಹಿಡಿದದ್ದು ನಮಗೆ ಒಂದಿಷ್ಟು ಪೆಟ್ಟು ಕೊಟ್ಟದ್ದು ನಿಜ. ಆದರೆ ಫಲವತ್ತತೆ ಇಳಿಸಿದ ರಾಜ್ಯಗಳಿಗೆಂದೇ ನೂರರಲ್ಲಿ 12.5 ಅಂಕದ ಮಾನದಂಡವನ್ನೂ ಸೇರಿಸಿದ್ದರು. ದೊಡ್ಡ ಪೆಟ್ಟು 45 ಅಂಕದ ‘ಆದಾಯ ಅಂತರ’ದಿಂದ ಬಂತು: ಶ್ರೀಮಂತ ರಾಜ್ಯದ ತಲಾ ಉತ್ಪನ್ನಕ್ಕೂ ನಮ್ಮದಕ್ಕೂ ಅಂತರ ಹೆಚ್ಚಿದಷ್ಟು ಪಾಲು ಹೆಚ್ಚು, ಕಡಿಮೆಯಾದಷ್ಟು ಕಡಿಮೆ. ಬೆಂಗಳೂರು ರಾಜ್ಯದ ಸರಾಸರಿಯನ್ನು ಮೇಲೆತ್ತಿತು, ಅಂತರ ಕುಗ್ಗಿತು. ಮೇಲಿನ ಕಲಬುರಗಿ ಓದುಗರ ತಕರಾರಿಗೆ ಇದು ಇನ್ನೊಂದು ಮುಖ. ಸರಾಸರಿ ಏರಿದ್ದರಿಂದ ಅವರ ಮನೆಗೆ ಬಂದದ್ದೇನೂ ಇಲ್ಲ, ರಾಜ್ಯದ ಪಾಲು ಮಾತ್ರ ಇಳಿಯಿತು. ಸೆಸ್, ಸರ್‌ಚಾರ್ಜ್‌ಗಳು ಹಂಚಿಕೆಯ ಮೊತ್ತಕ್ಕೆ ಬರುವುದೇ ಇಲ್ಲ ಎಂಬುದು ಬೇರೆ ಜಗಳ.

ರಾಜ್ಯದೊಳಗಿನ ಹಂಚಿಕೆಗೂ ಇದೇ ಪ್ರಶ್ನೆ ಕೇಳಬಹುದು. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದವು. ಸಮಿತಿಯ ಹೆಚ್ಚುಗಾರಿಕೆ ಎಂದರೆ ಜಿಲ್ಲೆಯ ಸರಾಸರಿಗೆ ನಿಲ್ಲದೆ ತಾಲ್ಲೂಕಿನವರೆಗೆ ಹೋದದ್ದು.

ಲೋಕಸಭೆಯ ವಿಷಯದಲ್ಲಿ ಲೆಕ್ಕ ಸರಳ. 1971ರಲ್ಲಿ ದೇಶದ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ 5.34, 2011ರಲ್ಲಿ ಶೇ 5.05. ಒಟ್ಟು 543 ಸ್ಥಾನಗಳನ್ನು ಬರೀ 2011ರ ಜನಸಂಖ್ಯೆಯ ಮೇಲೆ ಹಂಚಿದ್ದರೆ 27.4 ಬರುತ್ತಿತ್ತು; ಈಗಿರುವುದು 28. ಜನಸಂಖ್ಯೆಯೊಂದನ್ನೇ ಅಳತೆಗೋಲು ಮಾಡಿದರೆ 2027ರ ಜನಗಣತಿಯ ಅಂಕಿಯಲ್ಲಿ ಪಾಲು ಎಷ್ಟು ಇಳಿಯುತ್ತದೋ ಅಷ್ಟು ಕಡಿತ. ಸ್ಥಾನಗಳ ಒಟ್ಟು ಸಂಖ್ಯೆ ಬದಲಾದರೆ ಲೆಕ್ಕ ಹೊಸದಾಗಿ ಮಾಡಬೇಕು.

ಪ್ರಶ್ನೆ: ನಮ್ಮ ಊರಿಗೆ ಇನ್ನೊಂದು ಅಂಗನವಾಡಿ ಬೇಕೆಂದು ಅರ್ಜಿ ಹಾಕಬೇಕಿದೆ. 2011ರ ಅಂಕಿ ಹಳತಾಯಿತು. ಈಗಿನ ಜನಸಂಖ್ಯೆಯನ್ನು ಅಂದಾಜು ಮಾಡುವುದು ಹೇಗೆ?
— ಗ್ರಾಮ ಪಂಚಾಯಿತಿ ಸದಸ್ಯೆ, ಕಲಘಟಗಿ ತಾಲ್ಲೂಕು

ಉತ್ತರ: ಮೊದಲು 2011ರ ಪ್ರಾಥಮಿಕ ಜನಗಣತಿ ಸಾರದಿಂದ ಊರಿನ ಮನೆಗಳ ಸಂಖ್ಯೆ, ಒಟ್ಟು ಜನ, ಆರು ವರ್ಷದವರೆಗಿನ ಮಕ್ಕಳು, ಈ ಮೂರನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಈಗಿನ ಮನೆಗಳ ಸಂಖ್ಯೆ ಹಿಡಿಯಿರಿ: ಪಂಚಾಯಿತಿಯ ತೆರಿಗೆ ಪಟ್ಟಿ ಮತ್ತು ಗೃಹಬಳಕೆ ವಿದ್ಯುತ್ ಸಂಪರ್ಕಗಳನ್ನು ಪಕ್ಕಪಕ್ಕ ಇಟ್ಟು ಬೀಗ ಹಾಕಿದ ಮನೆಗಳನ್ನು ಕಳೆಯಿರಿ. ಅದನ್ನು ಮನೆಯ ಸರಾಸರಿ ಗಾತ್ರದಿಂದ ಗುಣಿಸಬೇಕು. 2011ರಲ್ಲಿ ರಾಜ್ಯದ ಸರಾಸರಿ 4.6 ಇತ್ತು. ಈಗ ಅದನ್ನೇ ಹಾಕಿದರೆ ಜನ ಹೆಚ್ಚು ಬರುತ್ತಾರೆ, ಏಕೆಂದರೆ ಕುಟುಂಬಗಳು ಚಿಕ್ಕದಾಗಿವೆ. ಬೇರೆಬೇರೆ ಓಣಿಗಳಲ್ಲಿ ಐವತ್ತು ಮನೆ ಎಣಿಸಿ ನಿಮ್ಮದೇ ಸರಾಸರಿ ತೆಗೆಯಿರಿ. ಒಂದೇ ಓಣಿಯಲ್ಲಿ ಐವತ್ತು ಎಣಿಸಿದರೆ ಪ್ರಯೋಜನವಿಲ್ಲ.

ಮತದಾರರ ಪಟ್ಟಿಯಲ್ಲಿ ಹದಿನೆಂಟು ದಾಟಿದವರಷ್ಟೇ ಇರುತ್ತಾರೆ, ಮದುವೆಯಾಗಿ ಹೋದವರ, ಪೇಟೆ ಸೇರಿದವರ ಹೆಸರು ಉಳಿದಿರುತ್ತದೆ. ಪಡಿತರ ಚೀಟಿಯಲ್ಲಿ ತೀರಿಕೊಂಡವರು ಬೇಗ ಹೋಗುವುದಿಲ್ಲ, ಹೊಸ ಸೊಸೆ ಬೇಗ ಸೇರುವುದಿಲ್ಲ. ಎರಡನ್ನೂ ತಾಳೆ ನೋಡಲು ಬಳಸಿ, ಆಧಾರವಾಗಿ ಬೇಡ.

ಹೆಚ್ಚು ಜನ ಎಡವುವುದು ಜನನ ನೋಂದಣಿಯಲ್ಲಿ. ಜನನ ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ, ತಾಯಿಯ ಊರಿನಲ್ಲಲ್ಲ. ನಿಮ್ಮೂರಿನ ಹೆರಿಗೆಗಳು ಹುಬ್ಬಳ್ಳಿಯ ಆಸ್ಪತ್ರೆಯಲ್ಲಾದರೆ ನಿಮ್ಮ ಪಂಚಾಯಿತಿಯ ಪುಸ್ತಕದಲ್ಲಿ ಅವು ಕಾಣುವುದೇ ಇಲ್ಲ, ಹುಬ್ಬಳ್ಳಿಯಲ್ಲಿ ಮಾತ್ರ ಮಕ್ಕಳ ಮಳೆ. ಅದರ ಬದಲು ಆಶಾ ಕಾರ್ಯಕರ್ತೆಯ ಬಳಿ ಇರುವ ಗರ್ಭಿಣಿಯರ ಪಟ್ಟಿ, ಅಂಗನವಾಡಿ ಕಾರ್ಯಕರ್ತೆಯ ಮನೆ ಸಮೀಕ್ಷೆಯ ಪುಸ್ತಕ ಕೇಳಿ. ಅಲ್ಲೂ ಒಂದು ತೊಡಕಿದೆ: ಚೊಚ್ಚಲ ಹೆರಿಗೆಗೆ ತವರಿಗೆ ಬಂದವರ ಮಗು ಎರಡು ಊರಲ್ಲೂ ದಾಖಲಾಗಬಹುದು. ಆರು ತಿಂಗಳು ದಾಟಿದ ಮೇಲೆ ಎಲ್ಲಿದೆಯೋ ಅಲ್ಲಿ ಎಣಿಸಿ.

ಗ್ರಾಮೀಣ ಪ್ರದೇಶದಲ್ಲಿ 400ರಿಂದ 800 ಜನಕ್ಕೆ ಒಂದು ಅಂಗನವಾಡಿ ಎಂಬುದು ರೂಢಿಯ ಮಾನದಂಡ, 150ರಿಂದ 400 ಇದ್ದರೆ ಮಿನಿ ಅಂಗನವಾಡಿ. ಅರ್ಜಿಯಲ್ಲಿ ಒಟ್ಟು ಜನಸಂಖ್ಯೆಯ ಜೊತೆ ಆರು ವರ್ಷದೊಳಗಿನ ಮಕ್ಕಳ ಹೆಸರುಪಟ್ಟಿ, ಈಗಿರುವ ಕೇಂದ್ರದಿಂದ ದೂರ, ನಡುವೆ ಹಳ್ಳ ಅಥವಾ ಹೆದ್ದಾರಿ ಇದ್ದರೆ ಅದರ ನಕ್ಷೆ ಲಗತ್ತಿಸಿ. ಜನಸಂಖ್ಯೆ ಎರಡನೇ ಕೇಂದ್ರಕ್ಕೆ ಸಾಲದಿದ್ದರೂ ದೂರದ ಕೇರಿಗೆ ಮಿನಿ ಕೇಂದ್ರ ಕೇಳಲು ಇವು ನೆರವಾಗುತ್ತವೆ. ಮುಂದಿನ ಜನಗಣತಿಯ ಲೆಕ್ಕ 2027ರ ಮಾರ್ಚ್ 1ನ್ನು ಆಧರಿಸಿದ್ದು. ಅದರ ಊರುವಾರು ಅಂಕಿ ಕೈಗೆ ಬರುವವರೆಗೆ ಅರ್ಜಿ ತಡೆಹಿಡಿಯಬೇಕಿಲ್ಲ.